ಕಿನ್ನಾಳ ಗೊಂಬೆ ಮಾಡಲು ಕೂತಾಗ ನನ್ನ ಸ್ವಭಾವವೇ ಕಣ್ಣಿಗೆ ಬಿತ್ತು. ನಿಮಗೂ ಹೀಗಾಗಿದೆಯಾ?

ಗಣಿತ ಟೀಚರ್, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಕೈಯಿಂದ ಏನಾದರೂ ಮಾಡಲು ಕೂತಾಗ ನಮ್ಮ ಸ್ವಭಾವ ನಮಗೇ ಕಾಣಿಸುತ್ತದಾ? ಅಥವಾ ಮನೆ, ಶಾಲೆ ಎರಡರಿಂದಲೂ ಒಂದಿಷ್ಟು ಬಿಡುವು ಸಿಕ್ಕಿತು ಅನ್ನುವ ಸಮಾಧಾನ ಮಾತ್ರವಾ? ಇದನ್ನು ನಿಮ್ಮೆಲ್ಲರ ಹತ್ತಿರ ಕೇಳಬೇಕಿತ್ತು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ಓದಿ.

ಈಚೆಗೆ ನಮ್ಮೂರಿನಲ್ಲಿ ಕಿನ್ನಾಳ ಗೊಂಬೆ, ಅಂದರೆ ನಮ್ಮ ಜಿಲ್ಲೆಯ ಕಿನ್ನಾಳ ಊರಿನ ಬಣ್ಣದ ಕಟ್ಟಿಗೆ ಗೊಂಬೆ, ಮಾಡುವ ಕಾರ್ಯಾಗಾರ ನಡೆಯಿತು. ಕಲಿಸಲು ಕಿನ್ನಾಳದಿಂದಲೇ ಒಬ್ಬ ಹಿರಿಯ ಚಿತ್ರಗಾರರು ಬಂದಿದ್ದರು. ನಾವೆಲ್ಲ ಅಜ್ಜಾರು ಅಂತ ಕರೆದೆವು. ಪ್ರತಿಯೊಬ್ಬರಿಗೂ ಕೆತ್ತಿದ ಒಂದು ಗಿಳಿ ಕೊಟ್ಟರು. ತುಂಬಾ ಹಗುರ ಕಟ್ಟಿಗೆ. ಅದಕ್ಕೆ ಮೊದಲು ಕಿಟ್ಟ ಬಳಿಯಬೇಕು. ಗೋಣಿಚೀಲದ ಚೂರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿಸಿ ಕಲಸಿದರೆ ಕಿಟ್ಟ. ಅದನ್ನು ಕೈಯಿಂದಲೇ ಬಳಿಯುತ್ತಾರೆ. ಅದರ ಮೇಲೆ ಹುಣಸೆ ಅಂಟಿನಲ್ಲಿ ಹತ್ತಿಯ ಸಣ್ಣ ತುಂಡುಗಳು. ಆಮೇಲೆ ಹರಳುಕಲ್ಲಿನ ಪುಡಿ ಕಲಸಿದ ಬಿಳಿ ಲೇಪ. ಬಣ್ಣದ ಮಾತು ಅದಾದ ಮೇಲೆ. ಒಂದು ಪದರ ಒಣಗದೆ ಇನ್ನೊಂದು ಪದರ ಇಲ್ಲ.

ನಾನು ಸ್ವಲ್ಪ ಬಳಿಯುವುದು, ತಲೆ ಎತ್ತಿ "ಇಷ್ಟು ಸಾಕಾ ಅಜ್ಜಾರ?" ಅಂತ ಕೇಳುವುದು. ರೆಕ್ಕೆ ಹತ್ತಿರ ಬಂದಾಗ ಕೇಳಿದೆ. ಕೊಕ್ಕಿನ ಹತ್ತಿರ ಕೇಳಿದೆ. ಅವರು ಹೇಳಿದರು: "ನನ್ನ ಕೇಳಬ್ಯಾಡ್ರಿ ಅಕ್ಕಾರ. ಬೆರಳ ಆಡಿಸಿ ನೋಡ್ರಿ. ಎಲ್ಲೆರ ತೊಡರಿದ್ರ ಇನ್ನಷ್ಟ ಹಚ್ರಿ. ತೊಡರದಿದ್ರ ಬಿಡ್ರಿ." ಎಷ್ಟು ಸುಲಭದ ಪರೀಕ್ಷೆ ನೋಡಿ. ನಾನು ಬೆರಳು ಆಡಿಸಿದೆ. ತೊಡರಲಿಲ್ಲ. ಆದರೂ ಮತ್ತೆ ತಲೆ ಎತ್ತಿದೆ. ಆಗ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಮೆಲ್ಲಗೆ, "ಮೇಡಂ, ನಿಮಗೆ ಗೊತ್ತಾದ ಮೇಲೂ ಕೇಳ್ತೀರಿ" ಅಂದಳು. ಕೆಣಕುವುದಕ್ಕೆ ಹೇಳಿದ್ದಲ್ಲ. ಕಂಡಿದ್ದನ್ನು ಹೇಳಿದಳು.

ಅಲ್ಲಿಂದ ಆಚೆ ಆ ದಿನವೆಲ್ಲ ಅದೇ ಯೋಚನೆ. ಸಾರಿಗೆ ಉಪ್ಪು ಹಾಕಿ ಮನೆಯವರಿಗೆ ರುಚಿ ತೋರಿಸುತ್ತೇನೆ. ಪ್ರಶ್ನೆಪತ್ರಿಕೆ ಬರೆದು ಇನ್ನೊಬ್ಬರಿಗೆ ತೋರಿಸಿದ ಮೇಲೇ ನೆಮ್ಮದಿ. ಸೀರೆ ತರುವಾಗ ತಂಗಿಗೆ ಫೋಟೋ ಕಳಿಸುತ್ತೇನೆ. ತರಗತಿಯಲ್ಲಿ ಮಾತ್ರ ಮಕ್ಕಳಿಗೆ, "ಉತ್ತರ ಸರಿ ಇದೆಯಾ ಅಂತ ನನ್ನನ್ನು ಕೇಳಬೇಡಿ, ಎಕ್ಸ್ ಬೆಲೆ ಸಮೀಕರಣದಲ್ಲಿ ಹಾಕಿ ನೀವೇ ತಾಳೆ ನೋಡಿ" ಅಂತ ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ತಾಳೆ ನೋಡುವುದು ನನಗೆ ಗೊತ್ತು. ತಾಳೆಯಾದ ಮೇಲೆ ಅದನ್ನು ನಂಬುವುದು ಬೇರೆಯೇ ವಿಷಯ ಅಂತ ಆ ಗಿಳಿ ಮಾಡುವಾಗ ತಿಳಿಯಿತು.

ಇದು ನನಗೆ ದೊಡ್ಡ ವಿಷಯ. ನಿಮ್ಮ ಅನುಭವ ಹೇಳಿ.

ಕುಷ್ಟಗಿ ಅಮ್ಮ

ಟೀಚರ್, ಚೆನ್ನಾಗಿ ಬರೆದಿದ್ದೀರಿ. ನನಗೆ ಮಣ್ಣೆತ್ತಿನ ಅಮಾವಾಸ್ಯೆ ನೆನಪಾಯಿತು. ಈಗ ಪೇಟೆಯಲ್ಲಿ ಮಾಡಿದ ಎತ್ತುಗಳೇ ಸಿಗುತ್ತವೆ. ಹೋದ ಸಲ ನಾನೂ ಮಗನೂ ಹೊಲದಿಂದ ಎರೆಮಣ್ಣು ತಂದು ನಾದಿ ಮಾಡಿದೆವು. ಅವನು ಎತ್ತಿಗೆ ಕೋಡು ಇಡದೆ ಮೊದಲು ಇಣಿ (ಬೆನ್ನ ಮೇಲಿನ ಡುಬ್ಬ) ಮಾಡಿದ, ಅದೂ ಇಷ್ಟು ದೊಡ್ಡದು. ನನ್ನ ಕೈ ತಾನಾಗಿಯೇ ಅದನ್ನು ಸಣ್ಣದು ಮಾಡಲು ಹೋಯಿತು. ಅವನು ಎತ್ತನ್ನು ಎದೆಗೆ ಅವುಚಿಕೊಂಡು, "ಇದು ನನ್ನ ಎತ್ತು" ಅಂದ. ಕೈ ಹಿಂದಕ್ಕೆ ತೆಗೆದುಕೊಂಡೆ. ಹೋಂವರ್ಕ್ ಮಾಡಿಸುವಾಗಲೂ ನನ್ನ ಕೈ ಹೀಗೇ ಅವನ ಪೆನ್ಸಿಲ್ ಕಡೆ ಹೋಗುತ್ತದೆ. ಆವತ್ತಿನಿಂದ ಅದು ಕಣ್ಣಿಗೆ ಕಾಣುತ್ತಿದೆ.

ಶಕ್ತಿನಗರ ನಿವೃತ್ತ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಟೀಚರಮ್ಮ.

ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ ಮಾಡಿ ನಿವೃತ್ತನಾದವನು ನಾನು. ಹೊಸ ಹುಡುಗ ಬಂದರೆ ಅವನು ವಾಲ್ವ್ ತಿರುಗಿಸುವ ಕೈ ನೋಡಿದರೆ ಸಾಕಿತ್ತು. ಅವಸರದವನಾ, ಅಂಜುವವನಾ, ಮೇಲಿನವರು ನೋಡಲಿ ಅಂತ ಮಾಡುವವನಾ, ಎಲ್ಲ ತಿಳಿಯುತ್ತಿತ್ತು. ಕೈ ಸುಳ್ಳು ಹೇಳುವುದಿಲ್ಲ ಅನ್ನುವುದು ನಾನು ಒಪ್ಪುವ ಮಾತು. ಆದರೆ ಅದು ನಮಗೆ ತಿಳಿಯುತ್ತಿತ್ತು, ಆ ಹುಡುಗನಿಗೆ ತಿಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಅದೇ ಕೈಯಲ್ಲಿ ಅದೇ ವಾಲ್ವ್ ತಿರುಗಿಸಿದವರೂ ತಮ್ಮ ಸ್ವಭಾವ ತಿಳಿಯದೆ ನಿವೃತ್ತರಾಗಿದ್ದಾರೆ. ಹಾಗಾದರೆ ಒಂದು ಗಿಳಿ ಮಾಡಿದ ಮಾತ್ರಕ್ಕೆ ತನ್ನನ್ನು ತಾನು ಅರಿಯುವುದು ಹೇಗೆ?

ಇನ್ನೊಂದು. "ನಿಮ್ಮನ್ನು ನೀವು ಕಂಡುಕೊಳ್ಳಿ" ಅಂತ ಬೋರ್ಡ್ ಹಾಕಿ ಹಂಪಿ, ಆನೆಗೊಂದಿ ಕಡೆ ಶಿಬಿರ ಮಾಡುವವರು ಈಗ ಜಾಸ್ತಿ. ಬಂದವರಿಂದ ತೆಗೆದುಕೊಳ್ಳುವ ಹಣದಲ್ಲಿ ಕಲಿಸುವ ಕುಶಲಕರ್ಮಿಗೆ ಎಷ್ಟು ಹೋಗುತ್ತದೆ? ಅದನ್ನು ಯಾರೂ ಕೇಳುವುದಿಲ್ಲ. ನಾನು ಕೇಳುತ್ತಿದ್ದೇನೆ.

ಗಣಿತ ಟೀಚರ್, ಕೊಪ್ಪಳ

ಸರ್, ಬೇಜಾರು ಯಾಕೆ? ನೀವು ಕೇಳಿದ ಮೊದಲ ಪ್ರಶ್ನೆಯೇ ಸರಿಯಾದದ್ದು. ನನಗೂ ನನ್ನಷ್ಟಕ್ಕೆ ತಿಳಿಯಲಿಲ್ಲ. ಪಕ್ಕದ ಹುಡುಗಿ ಹೇಳಿದ್ದರಿಂದ ತಿಳಿಯಿತು. ಅವಳು ನನ್ನ ವಿದ್ಯಾರ್ಥಿನಿ ಆಗಿದ್ದರೆ ಹೇಳುತ್ತಿರಲಿಲ್ಲ. ಸೊಸೆಯೋ ನಾದಿನಿಯೋ ಹೇಳಿದ್ದರೆ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಇಬ್ಬರ ಕೈಗೂ ಕಿಟ್ಟ ಮೆತ್ತಿತ್ತು, ಇಬ್ಬರಿಗೂ ಆ ಕೆಲಸ ಹೊಸದು. ಅಲ್ಲಿ ದೊಡ್ಡವರು ಚಿಕ್ಕವರು ಅಂತ ಇರಲಿಲ್ಲ. ನಿಮ್ಮ ಸ್ಥಾವರದ ಹುಡುಗನಿಗೆ ಯಾರಾದರೂ ಪ್ರೀತಿಯಿಂದ, "ತಮ್ಮಾ, ನೀನು ಯಾರೋ ನೋಡಲಿ ಅಂತ ತಿರುಗಿಸ್ತಿದ್ದೀ" ಅಂದಿದ್ದರೆ ಅವನಿಗೂ ಕಾಣುತ್ತಿತ್ತೇನೋ.

ಹಣದ ಬಗ್ಗೆ: ನಮ್ಮಲ್ಲಿ ಆಯೋಜಕರು ಅಜ್ಜಾರ ಸಂಭಾವನೆ ಎಷ್ಟು ಅಂತ ಎಲ್ಲರ ಮುಂದೆ ಹೇಳಿಯೇ ಶುಲ್ಕ ಕೇಳಿದ್ದರು. ಎಲ್ಲ ಕಡೆ ಹಾಗೆ ಆಗಬೇಕು ಅನ್ನುವುದು ನನ್ನ ಆಸೆಯೂ ಹೌದು.

ಬಳ್ಳಾರಿ ಹೊಲಿಗೆ

ಅಕ್ಕಾ, ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುತ್ತೇನೆ. ನನ್ನ ಪಾಲಿನ ಕೆಲಸ ಹಿಂದಿನ ಜೇಬು ಕೂಡಿಸುವುದು. ಪೀಸಿಗೆ ಇಷ್ಟು ಅಂತ ಕೂಲಿ. ಬೆಳಗಿನಿಂದ ಸಂಜೆ ತನಕ ಕೈಕೆಲಸವೇ. ಆ ಕೆಲಸದಲ್ಲಿ ನನ್ನ ಬಗ್ಗೆ ನನಗೆ ಏನೂ ತಿಳಿದಿಲ್ಲ. ಸೀಮೆಸುಣ್ಣದ ಗುರುತು ಇರುತ್ತದೆ, ಗುರುತಿನ ಮೇಲೆ ಜೇಬು ಇಡು, ಹೊಲಿ, ಮುಂದಿನದು ತಗೋ. ಯೋಚನೆ ಮಾಡುತ್ತಾ ಕೂತರೆ ಅಂದಿನ ಲೆಕ್ಕ ತಪ್ಪುತ್ತದೆ.

ಮನೆಯಲ್ಲಿ ಬೇರೆ. ಉಳಿದ ಜೀನ್ಸ್ ತುಂಡು ತಂದು ಚೀಲ ಹೊಲಿಯುತ್ತೇನೆ. ಮಗಳಿಗೆ, ನನಗೆ, ಅವ್ವನಿಗೆ. ಮನೆಯಲ್ಲಿ ಯಾರೂ ಗುರುತು ಹಾಕಿಕೊಡುವುದಿಲ್ಲ. ಜೇಬು ಎಲ್ಲಿ ಅಂತ ನಾನೇ ಯೋಚಿಸಬೇಕು. ನಿಮ್ಮ ಬರಹ ಓದಿ ಆ ಚೀಲಗಳನ್ನೆಲ್ಲ ಹಾಸಿಗೆ ಮೇಲೆ ಹರವಿ ನೋಡಿದೆ. ಎಲ್ಲದರಲ್ಲೂ ಒಳಗೆ ಒಂದು ಕಳ್ಳಜೇಬು ಇದೆ! ಹೊರಗಿನಿಂದ ಕಾಣುವುದಿಲ್ಲ, ಅಸ್ತರಿನ ಹಿಂದೆ ಕೈ ಹಾಕಿದರೆ ಮಾತ್ರ ಸಿಗುತ್ತದೆ. ಅವ್ವನ ಎಲೆಅಡಿಕೆ ಚೀಲದಲ್ಲೂ ಹಾಗೇ ಮಾಡಿದ್ದೇನೆ. ಯಾರೂ ಕೇಳಿರಲಿಲ್ಲ.

ನಮ್ಮದು ಒಂದೇ ಕೋಣೆಯ ಮನೆ. ನನ್ನದು ಅಂತ ಒಂದು ಪೆಟ್ಟಿಗೆಯೂ ಇಲ್ಲ, ಒಂದು ಗೂಡೂ ಇಲ್ಲ. ನನಗೆ ಅಂತ ಸ್ವಲ್ಪ ಜಾಗ ಬೇಕು ಅಂತ ನನ್ನ ಕೈ ಇಷ್ಟು ದಿನದಿಂದ ಹೊಲಿಯುತ್ತಿತ್ತು. ನಿನ್ನೆ ಯಜಮಾನರಿಗೆ ಚೀಲ ತೋರಿಸಿ ಹೇಳಿದೆ. ಅಲಮಾರಿಯ ಒಂದು ಖಾನೆ ಖಾಲಿ ಮಾಡಿಕೊಟ್ಟರು.

ಕುಷ್ಟಗಿ ಅಮ್ಮ

ತಂಗಿ, ನಿನ್ನ ಮಾತು ಓದಿ ಕಣ್ಣು ತುಂಬಿತು. ಆ ಖಾನೆಗೆ ಬೀಗವನ್ನೂ ಕೇಳು.

ಶಕ್ತಿನಗರ ನಿವೃತ್ತ

ಬಳ್ಳಾರಿಯ ತಂಗಿ ಬರೆದದ್ದು ನನ್ನ ಪ್ರಶ್ನೆಗೆ ಉತ್ತರ ಅಂತ ಒಪ್ಪುತ್ತೇನೆ. ವಾಲ್ವ್ ಎಷ್ಟು ತಿರುಗಿಸಬೇಕು ಅನ್ನುವುದು ನಮ್ಮಲ್ಲಿ ಬರೆದಿಟ್ಟ ನಿಯಮ. ಹುಡುಗನ ಕೈಗೆ ಆಯ್ಕೆ ಅನ್ನುವುದೇ ಇರಲಿಲ್ಲ. ಆಯ್ಕೆ ಇದ್ದಲ್ಲಿ ಸ್ವಭಾವ ಹೊರಗೆ ಬರುತ್ತದೆ, ಆಮೇಲೆ ಅದನ್ನು ಕೂತು ನೋಡುವ ಪುರುಸೊತ್ತೂ ಬೇಕು. ಎರಡೂ ದುಡಿಯುವವರಿಗೆ ಸಿಗುವುದಿಲ್ಲ. ಅದು ನನಗೆ ಇನ್ನೂ ಚುಚ್ಚುತ್ತದೆ.

ಎಂಎಸ್ಸಿ ಹುಡುಗ, ಬಳ್ಳಾರಿ

ಬಿಡುವು ಸಿಕ್ಕಿದ ಸಮಾಧಾನ ಮಾತ್ರವಾ ಅಂತ ಟೀಚರ್ ಕೇಳಿದ್ದಕ್ಕೆ ಒಂದು ಮಾಹಿತಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಅವರ ಜೊತೆಗಾರರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 18ರಿಂದ 59 ವರ್ಷದ 39 ಜನರಿಗೆ ಕಾಗದ, ಮಾರ್ಕರ್, ಮಣ್ಣು, ಚಿತ್ರ ಕತ್ತರಿಸಿ ಅಂಟಿಸುವ ಸಾಮಾನು ಕೊಟ್ಟು 45 ನಿಮಿಷ ಏನು ಬೇಕಾದರೂ ಮಾಡಿ ಅಂದರು. ಮೊದಲೂ ಆಮೇಲೂ ಜೊಲ್ಲು ಪರೀಕ್ಷಿಸಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಅಳೆದರು. ಸುಮಾರು 75 ಶೇಕಡಾ ಜನರಲ್ಲಿ ಅದು ಇಳಿದಿತ್ತು. ಮೊದಲೇ ಕಲೆ ಕಲಿತವರಿಗೆ ಮಾತ್ರ ಹೀಗೆ ಅಂತ ಇರಲಿಲ್ಲ, ಹೊಸಬರಿಗೂ ಇಳಿದಿತ್ತು.

ಆದರೆ ಇದನ್ನು ಹಿಡಿದು ಜಾಸ್ತಿ ಎಳೆಯಬಾರದು. ಸುಮ್ನೆ ಕೂತವರ ಗುಂಪನ್ನು ಪಕ್ಕಕ್ಕಿಟ್ಟು ಹೋಲಿಸಿ ನೋಡಿರಲಿಲ್ಲ. ಕಾರ್ಟಿಸಾಲ್ ಬೆಳಗ್ಗೆ ಜಾಸ್ತಿ ಇದ್ದು ಹೊತ್ತು ಏರಿದ ಹಾಗೆ ತಾನಾಗಿಯೂ ಇಳಿಯುತ್ತದೆ. ಮುಖ್ಯವಾಗಿ, ಒತ್ತಡ ಇಳಿಯುವುದೇ ಬೇರೆ, ತನ್ನನ್ನು ಅರಿಯುವುದೇ ಬೇರೆ. ಮನಸ್ಸು ಸ್ವಲ್ಪ ತಣ್ಣಗಾದರೆ ಪಕ್ಕದವರ ಮಾತು ಚುಚ್ಚದೆ ಒಳಗೆ ಇಳಿಯಬಹುದು, ಅಷ್ಟು ಹೇಳಬಲ್ಲೆ. ಅದಕ್ಕಿಂತ ಮುಂದಿನದು ನಿಮ್ಮ ಅನುಭವಗಳಲ್ಲೇ ಸಿಗಬೇಕು. ಅದಕ್ಕೇ ಈ ಚರ್ಚೆ ನನಗೆ ಇಷ್ಟವಾಗುತ್ತಿದೆ.

ಸಿಂಧನೂರು ಕೌದಿ

ನಾನು ಇಲ್ಲಿ ಬರೆಯುವುದು ಇದೇ ಮೊದಲು. ರಾಯಚೂರಿನಲ್ಲಿ ಕೌದಿ ಹೊಲಿಯುವ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಮನೆಯಲ್ಲಿರುವ ಹಳೆ ಸೀರೆ ತನ್ನಿ ಅಂದಿದ್ದರು. ನಮ್ಮ ಅವ್ವ ತೀರಿಕೊಂಡು ಬಹಳ ದಿನ ಆಗಿಲ್ಲ. ಅವ್ವನ ಎರಡು ನೂಲಿನ ಸೀರೆ ತಗೊಂಡು ಹೋದೆ.

ಸೀರೆ ಹರಿದು ತುಂಡು ಮಾಡುವಾಗ ಏನೂ ಆಗಲಿಲ್ಲ. ಎಲ್ಲರ ಜೊತೆ ಮಾತಾಡುತ್ತಲೇ ಹರಿದೆ. ಹೊಲಿಯುತ್ತಾ ಬಂದ ಹಾಗೆ ಸೂಜಿ ಒಂದು ಕಡೆ ಗಟ್ಟಿಯಾಗಿ ಹೋಯಿತು. ತಿರುಗಿಸಿ ನೋಡಿದರೆ ಅಲ್ಲಿ ಸೀರೆ ಎಂದೋ ಹರಿದಿದ್ದು, ಅವ್ವ ರಫೂ ಮಾಡಿದ್ದಳು. ಬೇರೆ ಬಣ್ಣದ ದಾರ. ಎಳ್ಳಿನಷ್ಟು ಸಣ್ಣ ಹೊಲಿಗೆ, ಒಂದರ ಪಕ್ಕ ಒಂದು. ನನ್ನ ಹೊಲಿಗೆ ಅದರ ಮೇಲೆ ಹಾದುಹೋಗಿತ್ತು. ಅಳು ಬಂತು. ಅವ್ವ ತೀರಿದ ದಿನವೂ ಬಂದವರಿಗೆ ಊಟ, ನೀರು ಅಂತ ಓಡಾಡುತ್ತಾ ಅತ್ತಿರಲಿಲ್ಲ.

ಆಗ ನಡೆಸುತ್ತಿದ್ದವರು ಎಲ್ಲರನ್ನೂ ಸುಮ್ಮನಿರಿಸಿ, "ನಿಮಗೆ ಈಗ ಏನನ್ನಿಸಿತು, ಎಲ್ಲರ ಜೊತೆ ಹಂಚಿಕೊಳ್ಳಿ, ಮನಸ್ಸು ಹಗುರ ಆಗುತ್ತದೆ" ಅಂದರು. ನನಗೆ ಹೇಳಲು ಮನಸ್ಸಿರಲಿಲ್ಲ. ಬೇಡ ಅಂದೆ. ಮತ್ತೆ ಮತ್ತೆ ಕೇಳಿದರು. ಎದ್ದು ಹೊರಗೆ ಹೋಗಿ ಕೂತೆ. ಅಲ್ಲಿಂದ ನನಗೆ ಒಂದು ಕೊರಗು. ನಾನು ಹಾಗೆ ಎದ್ದು ಹೋಗಬಾರದಿತ್ತಾ?

ಆಪ್ತಸಮಾಲೋಚಕಿ, ರಾಯಚೂರು

ಅಕ್ಕಾ, ನೀವು ಎದ್ದು ಹೋದದ್ದು ಸರಿ. ಕೊರಗು ಬಿಡಿ. ಆ ಅಳು ನಿಮ್ಮದು, ಅವ್ವನ ರಫೂ ನಿಮ್ಮದು. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದೂ ನಿಮ್ಮ ಕೈಯಲ್ಲೇ ಇರಬೇಕು. ಒಮ್ಮೆ ಬೇಡ ಅಂದ ಮೇಲೆ ಮತ್ತೆ ಕೇಳಬಾರದು. ನನ್ನ ಕೆಲಸದಲ್ಲಿ ಇದು ಮೊದಲ ಪಾಠ.

ಇದನ್ನು ಎಲ್ಲರಿಗೂ ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸುತ್ತಿದೆ. ಕೈಯಿಂದ ಏನನ್ನಾದರೂ ಮಾಡುವ ಕಾರ್ಯಾಗಾರ ಒಂದು. ಕಲೆಯನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವುದು ಇನ್ನೊಂದು. ಆರ್ಟ್ ಥೆರಪಿ ಅನ್ನುವ ಹೆಸರು ಬಳಕೆಗೆ ಬಂದದ್ದು 1942ರಲ್ಲಿ, ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್ ಅವರಿಂದ. ಕ್ಷಯರೋಗಕ್ಕೆ ಆರೋಗ್ಯಧಾಮದಲ್ಲಿ ಇದ್ದಾಗ ಚಿತ್ರ ಬರೆಯುವುದು ತಮಗೆ ನೆರವಾಯಿತು ಅಂತ ಕಂಡು, ಅವರು ಅಲ್ಲಿನ ಬೇರೆ ರೋಗಿಗಳಿಗೂ ಅದನ್ನು ಹಬ್ಬಿಸಿದರು. ಈಗ ಅದಕ್ಕೆ ಬೇರೆಯೇ ಓದು, ಬೇರೆಯೇ ತರಬೇತಿ ಇದೆ. ಒಂದು ವಾರದ ಕೋರ್ಸ್ ಮಾಡಿ ಬಂದವರು ನಿಮ್ಮ ಗೊಂಬೆಗೆ ಕಪ್ಪು ಬಣ್ಣ ಜಾಸ್ತಿ ಹಚ್ಚಿದ್ದೀರಿ, ನಿಮ್ಮೊಳಗೆ ಸಿಟ್ಟಿದೆ ಅಂತ ಹೇಳಿದರೆ ನಂಬಬೇಡಿ. ಕಪ್ಪು ಬಣ್ಣದ ಡಬ್ಬಿ ಹತ್ತಿರ ಇತ್ತು ಅಂತಲೂ ಹಚ್ಚಿರಬಹುದು. ಬಣ್ಣ ನೋಡಿ ಮನಸ್ಸು ಓದುವ ನಿಘಂಟು ಯಾರ ಹತ್ತಿರವೂ ಇಲ್ಲ.

ಟೀಚರ್ ಪಕ್ಕದ ಹುಡುಗಿ ಮಾಡಿದ್ದನ್ನು ನೋಡಿ. ಅವಳು ಅರ್ಥ ಹೇಳಲಿಲ್ಲ. "ನೀವು ಕೇಳ್ತೀರಿ" ಅಂತ ಕಂಡದ್ದನ್ನು ಮಾತ್ರ ಹೇಳಿದಳು. ಅರ್ಥ ಕಟ್ಟಿಕೊಂಡವರು ಟೀಚರ್. ಬಳ್ಳಾರಿಯ ತಂಗಿಯೂ ತನ್ನ ಕಳ್ಳಜೇಬಿಗೆ ಅರ್ಥ ತಾನೇ ಹುಡುಕಿಕೊಂಡಳು. ಬೇರೆ ಯಾರಾದರೂ ಆ ಜೇಬು ನೋಡಿ, ಇವಳು ದುಡ್ಡು ಬಚ್ಚಿಡುತ್ತಾಳೆ ಅಂತ ಹೇಳಿಬಿಡುತ್ತಿದ್ದರು.

ಸಿಂಧನೂರಿನ ಅಕ್ಕಾ, ತಡವಾಗಿ ಬರುವ ಅಳು ಸಹಜ. ಆದರೆ ನಿದ್ದೆ, ಊಟ ಕೆಟ್ಟು ವಾರಗಟ್ಟಲೆ ಹಾಗೇ ಉಳಿದರೆ ಒಬ್ಬರೇ ಹೊರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಇಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ನಮ್ಮ ಕಡೆಯವರಿಗೆ ದೂರವಲ್ಲ.

ಸಿಂಧನೂರು ಕೌದಿ

ತುಂಬಾ ಉಪಕಾರ ಅಕ್ಕಾ. ನಿದ್ದೆ, ಊಟ ಚೆನ್ನಾಗಿದೆ. ಆ ಕೌದಿ ಮನೆಗೆ ತಂದು ಮುಗಿಸಿದೆ. ಅವ್ವನ ರಫೂ ಇದ್ದ ತುಂಡನ್ನು ಬಿಚ್ಚಿ, ನನ್ನ ಹೊಲಿಗೆ ಅದರ ಮೇಲೆ ಹೋಗದ ಹಾಗೆ ಸುತ್ತಲೂ ಹೊಲಿದಿದ್ದೇನೆ.

ಸರ್ವೆ ಕೆಲಸದವ, ಕೊಪ್ಪಳ

ಈ ಚರ್ಚೆಯಲ್ಲಿ ಎಲ್ಲರೂ ತಮ್ಮಲ್ಲಿ ಏನೋ ಕಡಿಮೆ ಇದ್ದದ್ದನ್ನೇ ಕಂಡುಕೊಂಡ ಹಾಗಿದೆ. ನನ್ನದು ಬೇರೆ, ಹೇಳಲೇಬೇಕು.

ನಮ್ಮ ಜಿಲ್ಲೆಯ ಮೊರನಾಳದ, ತೊಗಲುಗೊಂಬೆ ಆಡಿಸುವ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆಗ ನಮಗೆಲ್ಲ ಎಷ್ಟು ಖುಷಿ ಆಯಿತು! ಆ ಹುರುಪಿನಲ್ಲೇ ಒಂದು ತೊಗಲುಗೊಂಬೆ ಕಾರ್ಯಾಗಾರಕ್ಕೆ ಸೇರಿದೆ. ಆಡಿನ ತೊಗಲನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ ಕೊಟ್ಟಿದ್ದರು. ಅದರ ಮೇಲೆ ಗೆರೆ ಬರೆದು, ಸಣ್ಣ ಉಳಿ ಇಟ್ಟು, ಮೇಲಿಂದ ಬಡಿದು ತೂತು ಮಾಡಬೇಕು. ಒಡವೆ, ಬಟ್ಟೆಯ ಅಂಚು, ಕಿರೀಟ ಎಲ್ಲ ತೂತಿನಿಂದಲೇ. ಹಗಲಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಬ್ಬು ತೊಗಲು, ಅದರಲ್ಲಿ ತೂತು. ನನಗೋ ನಡುವೆಯೇ ಬೇಸರ ಬಂದಿತ್ತು. ಜೊತೆಗಿದ್ದವರು ಬಳ್ಳಿ, ಹೂವು ಅಂತ ಕೈ ಬಂದ ಕಡೆ ತೂತು ಮಾಡುತ್ತಿದ್ದರು. ನಾನು ಸ್ಕೇಲ್ ಇಟ್ಟು ಗುರುತು ಹಾಕಿ ಒಂದೇ ಅಂತರದಲ್ಲಿ ಮಾಡಿದೆ. ಮನೆಯಲ್ಲಿ ನನ್ನನ್ನು ಎಲ್ಲದಕ್ಕೂ ಅಳತೆ ಹಿಡಿಯುವವನು ಅಂತಲೇ ಆಡಿಕೊಳ್ಳುತ್ತಾರೆ. ಇಲ್ಲೂ ಅದೇ ಆಯಿತು ಅಂದುಕೊಂಡೆ.

ಸಂಜೆ ಪರದೆ ಕಟ್ಟಿ ಹಿಂದೆ ದೀಪ ಹಚ್ಚಿದರು. ನನ್ನ ಗೊಂಬೆಯ ಸೆರಗಿನ ಅಂಚು ಹೊಳೆಯಿತು ನೋಡಿ! ಒಂದೊಂದು ಬೆಳಕಿನ ಚುಕ್ಕಿಯೂ ಒಂದೇ ಸಮ, ಒಂದೇ ದೂರ. ಕಲಿಸುವ ಹಿರಿಯರು ಹತ್ತಿರ ಬಂದು, "ಈ ಕೈಗೆ ತಾಳ್ಮಿ ಐತಿ, ಅಂಚಿನ ಕೆಲಸ ಇವರಿಗೆ ಕೊಡ್ರಿ" ಅಂದರು. ನನ್ನ ಅಳತೆಯ ಚಾಳಿಗೆ ತಾಳ್ಮೆ ಅಂತಲೂ ಹೆಸರಿದೆ ಅಂತ ಅಲ್ಲಿಯ ತನಕ ನನಗೆ ಯಾರೂ ಹೇಳಿರಲಿಲ್ಲ. ನನ್ನಲ್ಲಿ ಇರುವ ಒಳ್ಳೆಯದನ್ನು ನೋಡುವುದೂ ನನ್ನನ್ನು ಅರಿಯುವುದೇ ಅಲ್ವಾ?

ಗಣಿತ ಟೀಚರ್, ಕೊಪ್ಪಳ

ಖಂಡಿತ ಸರ್. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಾಳೆ ತರಗತಿಯಲ್ಲಿ ನಿಮ್ಮ ತೊಗಲುಗೊಂಬೆ ಕಥೆ ಹೇಳುತ್ತೇನೆ. ರೇಖಾಗಣಿತ ಶುರು ಮಾಡುವವಳಿದ್ದೆ, ಸರಿಯಾಗಿ ಒದಗಿತು.

ಕಿನ್ನಾಳದ ಮನೆಮಗ

ಎಲ್ಲ ಓದಿದೆ. ನಮ್ಮದು ಕಿನ್ನಾಳದ ಚಿತ್ರಗಾರರ ಮನೆ. ನಮ್ಮ ಕಡೆಯ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ.

ಮನೆಯಲ್ಲಿ ನಾವು ಕಾರ್ಯಾಗಾರದ ಹಾಗೆ ಕಲಿಯಲಿಲ್ಲ. ಚಿಕ್ಕವರಿದ್ದಾಗ ನಮಗೆ ಬಣ್ಣ ಮುಟ್ಟಲು ಬಿಡುತ್ತಿರಲಿಲ್ಲ. ಕಲ್ಲಿನ ಪುಡಿ ಅರೆಯುವುದು, ಹುಣಸೆ ಬೀಜ ಹುರಿದು ಸಿಪ್ಪೆ ತೆಗೆಯುವುದು, ಗೋಣಿ ಕತ್ತರಿಸುವುದು, ಇವೇ ನಮ್ಮ ಕೆಲಸ. ಮುಖ ಬರೆಯುವುದಂತೂ ದೊಡ್ಡವರ ಪಾಲು. ಒಡವೆಗಳನ್ನು ಉಬ್ಬಿಸಲು ಕಲ್ಲಿನ ಪುಡಿಯ ಲೇಪ, ಅದರ ಮೇಲೆ ಬಂಗಾರದ ಹಾಗೆ ಹೊಳೆಯಲು ಲಾಜವಾರ. ಲಾಜವಾರಕ್ಕೆ ತವರ ಕರಗಿಸಿ ತೆಳ್ಳನೆ ಹಾಳೆ ಮಾಡುವ ಕೆಲಸ ಇದೆಯಲ್ಲ, ಅದನ್ನು ಕಲಿಯಲು ಬಹಳ ಕಾಲ ಬೇಕು. ಹಂಪಿ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರ ಬರೆದವರು ನಮ್ಮ ಹಿರಿಯರೇ ಅಂತ ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ.

ನಾವು ಗರುಡ ಮಾಡಿದರೆ ಕೈಗೆ ಆಯ್ಕೆ ಕಡಿಮೆ. ಗರುಡ ಹೀಗೇ ಇರಬೇಕು ಅಂತ ಕಟ್ಟು ಇದೆ. ಆದರೂ ಒಂದು ಗೊಂಬೆಯನ್ನು ಮುಂದಿಟ್ಟರೆ ಇದು ಅಪ್ಪನ ಕೈ, ಇದು ಕಾಕಾನ ಕೈ ಅಂತ ನಾನು ಹೇಳಬಲ್ಲೆ. ಅಪ್ಪ ಬರೆದ ಹುಬ್ಬು ಕೊನೆಯಲ್ಲಿ ಸ್ವಲ್ಪ ಕೆಳಗೆ ಬಾಗುತ್ತದೆ. ಕಾಕಾನದು ನೇರ. ಅಪ್ಪ ಮೃದು ಮನುಷ್ಯ, ಕಾಕಾ ಖಡಕ್. ಕಟ್ಟಿನೊಳಗೆ ಇದ್ದರೂ ಮನುಷ್ಯ ಕಾಣುತ್ತಾನೆ ಅಂತ ನಾನು ನಂಬುತ್ತೇನೆ. ಶಕ್ತಿನಗರದ ಹಿರಿಯರು ಇದನ್ನು ಒಪ್ಪಬಹುದು.

ಕಾರ್ಯಾಗಾರಕ್ಕೆ ಬರುವವರನ್ನೂ ನಾವು ಗಮನಿಸುತ್ತೇವೆ. ಕೆಲವರು ಕಿಟ್ಟ ಒಣಗುವ ಮೊದಲೇ ಬಣ್ಣ ಎತ್ತಿಕೊಳ್ಳುತ್ತಾರೆ. ಕೆಲವರು ಬೇರೆಯವರ ಗೊಂಬೆಗೆ ಸಹಾಯ ಮಾಡುತ್ತಾ ತಮ್ಮದನ್ನು ಹಾಗೇ ಬಿಡುತ್ತಾರೆ. ಒಣಗಲು ಬಿಟ್ಟ ಹೊತ್ತಿನಲ್ಲಿ ಮನುಷ್ಯ ಏನು ಮಾಡುತ್ತಾನೆ ನೋಡಿ, ಅಲ್ಲೇ ಜಾಸ್ತಿ ತಿಳಿಯುತ್ತದೆ. ಆದರೆ ಈಗ ಆ ಹೊತ್ತನ್ನೇ ಉಳಿಸುವುದಿಲ್ಲ. ಡ್ರೈಯರ್ ಹಿಡಿದು ಒಣಗಿಸಿ, ಮೂರು ಗಂಟೆಯಲ್ಲಿ ಗೊಂಬೆ ಕೈಗೆ ಕೊಟ್ಟು, ಫೋಟೋ ತೆಗೆದು ಕಳಿಸಿಬಿಡಿ ಅನ್ನುತ್ತಾರೆ. ಆಯೋಜಕರು ಯಾರಾದರೂ ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ಒಣಗುವ ಹೊತ್ತನ್ನು ಕಡಿಯಬೇಡಿ. ಬಹುಮಾನವನ್ನೂ ಇಡಬೇಡಿ. ಬಹುಮಾನ ಅಂದ ಕೂಡಲೇ ಎಲ್ಲರ ಕಣ್ಣು ಪಕ್ಕದವರ ಗೊಂಬೆ ಮೇಲೆ ಹೋಗುತ್ತದೆ.

ಕಿನ್ನಾಳ ಗೊಂಬೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ಒಳ್ಳೆಯದು. ಆದರೆ ಈ ಕೆಲಸ ಹಿಡಿದಿರುವ ಮನೆಗಳು ಕೆಲವೇ. ನಿಮಗೆ ನಮ್ಮ ಕೆಲಸದಿಂದ ನಿಮ್ಮ 'ಮನಸ್ಸು' ತಿಳಿಯಿತು ಅಂದರೆ ನಮಗೆ ಸಂತೋಷವೇ. ಜೊತೆಗೆ ಒಂದು ಗೊಂಬೆ ಕೊಂಡು ಹೋಗಿ, ಬೆಲೆ ಚೌಕಾಸಿ ಮಾಡದೆ. ಒಂದು ಗಿಳಿಗೆ ಎಷ್ಟು ಪದರ, ಎಷ್ಟು ಕಾಯುವಿಕೆ ಅಂತ ಈಗ ನಿಮ್ಮ ಕೈಗೇ ಗೊತ್ತು.

ಶಕ್ತಿನಗರ ನಿವೃತ್ತ

ತಮ್ಮಾ, ಒಪ್ಪಿದೆ. ಹುಬ್ಬಿನ ಮಾತು ಮನಸ್ಸಿಗೆ ಹಿಡಿಸಿತು. ಕೊಳ್ಳುವ ಮಾತು ಎಲ್ಲಕ್ಕಿಂತ ಮುಖ್ಯ. ಮೊಮ್ಮಗಳಿಗೆ ಒಂದು ಗಿಳಿ, ನಮ್ಮ ಮನೆಗೆ ಒಂದು ಗರುಡ. ಊರಿಗೆ ಬಂದೇ ಕೊಳ್ಳುತ್ತೇನೆ. ಇನ್ನೊಂದು ಕೇಳಬೇಕು. ನಮ್ಮ ಮನೆಯವಳಿಗೆ ಕೈ ನಡುಗುತ್ತದೆ. ಮೊದಲು ಚೆನ್ನಾಗಿ ರಂಗೋಲಿ ಹಾಕುತ್ತಿದ್ದಳು, ಈಗ ಗೆರೆ ನೆಟ್ಟಗೆ ಬರುವುದಿಲ್ಲ ಅಂತ ಬಿಟ್ಟಿದ್ದಾಳೆ. ಇಂಥವರು ಬಂದು ಕೂತರೆ ಏನಾದರೂ ಮಾಡಬಹುದಾ, ಅಥವಾ ಇನ್ನಷ್ಟು ಬೇಸರ ಮಾಡಿಕೊಂಡಾಳಾ?

ಕಿನ್ನಾಳದ ಮನೆಮಗ

ಅಜ್ಜಾರ, ಕರೆದುಕೊಂಡು ಬನ್ನಿ. ಕಿಟ್ಟ ಹಚ್ಚಲು ಗೆರೆ ನೆಟ್ಟಗೆ ಬರಬೇಕಾಗಿಲ್ಲ. ಇಡೀ ಬೆರಳಿನಲ್ಲಿ, ಅಂಗೈಯಲ್ಲಿ ಒತ್ತಿ ಹಚ್ಚುವುದು. ನಮ್ಮ ಅಮ್ಮನಿಗೂ ಕೈ ನಡುಗುತ್ತದೆ, ಇವತ್ತಿಗೂ ಮನೆಯ ಕಿಟ್ಟವೆಲ್ಲ ಅವಳೇ ನಾದುವುದು. ದೊಡ್ಡ ಹಣ್ಣಿನ ಗೊಂಬೆ ಕೊಡುತ್ತೇವೆ, ಮಾವಿನಹಣ್ಣೋ ಸೀತಾಫಲವೋ, ಹಿಡಿಯಲು ಸುಲಭ. ಬಣ್ಣ ಅವರಿಗೆ ಬೇಕಿದ್ದರೆ ಹಚ್ಚಲಿ, ಬೇಡ ಅನ್ನಿಸಿದರೆ ನಮ್ಮ ಅಮ್ಮನ ಜೊತೆ ಕೂತು ಮಾತಾಡಲಿ.

ಕೊಪ್ಪಳಕ್ಕೆ ಬಂದರೆ ಅಲ್ಲಿಂದ ಬಸ್ ಸಿಗುತ್ತದೆ. ಬಿಸಿಲು ಏರುವ ಮೊದಲೇ ಬಂದರೆ ಮೊದಲ ಪದರ ಮಧ್ಯಾಹ್ನದೊಳಗೆ ಒಣಗುತ್ತದೆ. ಮನೆಯಲ್ಲಿ ಹಳೆಯ ಗೋಣಿಚೀಲ ಇದ್ದರೆ ತನ್ನಿ, ಅದರಲ್ಲೇ ಕಿಟ್ಟ ಮಾಡಿಕೊಡುತ್ತೇವೆ. ಸೆಣಬಿನದೇ ಆಗಬೇಕು, ಗೊಬ್ಬರದ ಪ್ಲಾಸ್ಟಿಕ್ ಚೀಲ ಬೇಡ.

ಬಳ್ಳಾರಿ ಹೊಲಿಗೆ

ಅಣ್ಣಾ, ವಾರದ ರಜೆ ಇದ್ದಾಗ ನಾನೂ ಮಗಳನ್ನು ಕರೆದುಕೊಂಡು ಬರಬಹುದಾ? ಬರುವಾಗ ಅಮ್ಮನಿಗೆ ಒಂದು ಜೀನ್ಸ್ ಚೀಲ ಹೊಲಿದು ತರುತ್ತೇನೆ.

ಕಿನ್ನಾಳದ ಮನೆಮಗ

ಬಾ ತಂಗಿ, ಕೇಳುವುದೇನಿದೆ? ಒಳಜೇಬು ಮಾತ್ರ ಮರೆಯಬೇಡ, ಅಮ್ಮ ಅದನ್ನೇ ಮೊದಲು ಹುಡುಕುತ್ತಾಳೆ.